ನಿರೀಕ್ಷಣೆ

ಮೈಕು ನನ್ನದು, ಬ್ಯಾಟರಿ ಫೆಲಿಕ್ಸನದು, ರಿಕ್ಷಾ ಅವನ ಭಾವನದು.
ಕೋಲ, ಉರೂಸು, ವಾಲಿಬಾಲು, ಹಲ್ಲಿನ ಡಾಕ್ಟರ ಉಚಿತ ಕ್ಯಾಂಪು
ಹೊಸಂಗಡಿಯಿಂದ ತಲಪಾಡಿಯವರೆಗೆ
ಇಪ್ಪತ್ತೆರಡು ವರ್ಷ ಬನ್ನಿ ಬನ್ನಿ ಎಂದು
ಊರನ್ನು ಕರೆದ ಗಂಟಲು ಇದು.
ಆ ಮಾರ್ಚಿನಲ್ಲಿ ಒಂದೇ ವಾರ
ಹದಿನಾಲ್ಕು ಬುಕ್ಕಿಂಗು ಬಿದ್ದುಹೋಯಿತು.
ಆಮೇಲೆ ಕರೆಸಿದ್ದು ಪಂಚಾಯತು:
ಬರಬೇಡಿ ಎಂದು ಹೇಳಬೇಕಂತೆ.
ದಿನಕ್ಕೆ ಆರುನೂರು, ಡೀಸೆಲು ಬೇರೆ.
ಆ ಬಿಲ್ಲು ಇನ್ನೂ ಪಾಸಾಗಿಲ್ಲ.

ಚೀಟಿ ಬರುತ್ತಿದ್ದದ್ದು ಮಲಯಾಳದಲ್ಲಿ,
ಕೋಟ್ಟಯದ ಜೆಸ್ಸಿ ಸಿಸ್ಟರಿನ ದುಂಡು ಅಕ್ಷರ.
ಕನ್ನಡ ಮಾಡುವವರಿಗೆ ಆಫೀಸಿನಲ್ಲಿ ಕುರ್ಚಿ ಇದೆ,
ಕೂತವರಿಲ್ಲ. ನೀನೇ ಮಾಡು ಎಂದರು.
ಹಿಂದಿನ ಸೀಟಿನಲ್ಲಿ ಮೊಣಕಾಲ ಮೇಲೆ ಕಾಗದ ಇಟ್ಟು
ಅಲ್ಲಿಂದ ಇಲ್ಲಿಗೆ ದಾಟಿಸಿದೆ.
ಆ ದಿನಗಳಲ್ಲಿ ದಾಟುತ್ತಿದ್ದದ್ದು
ಅದೊಂದೇ.

‘ಜಾಗ್ರತೆ’ ಎರಡು ಕಡೆಯೂ ಒಂದೇ, ಸುಲಭ.
‘ನಿರೀಕ್ಷಣ’ವೂ ಹಾಗೇ ಎಂದುಕೊಂಡೆ.
ಗಲ್ಫಿನಿಂದ ಬಂದ ಇಪ್ಪತ್ತಾರು ಮಂದಿ
ತಮ್ಮ ತಮ್ಮ ಮನೆಗಳಲ್ಲಿ
ನಿರೀಕ್ಷಣೆಯಲ್ಲಿದ್ದಾರೆ, ಎಂದು ಕೂಗಿದೆ.
ಮಾಳಿಗೆಯ ಕಿಟಕಿಯಿಂದ ಹಸೈನಾರ್ ಕೇಳಿದ:
ಯಾರನ್ನು ಮಾರಾಯ?
ಅವನ ಊಟದ ತಟ್ಟೆ ಮೆಟ್ಟಿಲ ಮೇಲಿತ್ತು,
ತಟ್ಟೆ ಇಟ್ಟ ತಾಯಿ ಅಂಗಳದ ಆ ತುದಿಯಲ್ಲಿ.

ರಾತ್ರಿ ವೆಂಕಟ್ರಾಯ ಮಾಸ್ತರರ ಫೋನು.
ಅವರಿಗದು ಗಮನಿಸುವುದು, ನಮಗೆ ಕಾಯುವುದು,
‘ನಿಗಾ’ ಎನ್ನು, ಮೈಕಿನಲ್ಲಿ ಭಾಷೆ ಕೆಡಿಸಬೇಡ.
ಐವತ್ತು ವರ್ಷ ಈ ತಾಲೂಕಿನ ಗೋಡೆಗಳಲ್ಲಿ
ನಾವು ಆಚೆಯವರು ಎಂದು ಬರೆಸಿದವರು ಅವರು.
ಸುಣ್ಣ ಬಳಿದಷ್ಟು ಸಲ ಮತ್ತೆ ಬರೆಸಿದವರು.

ಮರುದಿನದಿಂದ ನಿಗಾ.

ಗುಲಾಬಿಯಕ್ಕ ಖಾಲಿ ಮೊರ ಮಗುಚಿಟ್ಟು
ಬೀಡಿ ಕತ್ತರಿಯಲ್ಲಿ ಮೊಮ್ಮಗನ ಉಗುರು ತೆಗೆಯುತ್ತಿದ್ದಳು.
ಎಲೆ ಮಂಗಳೂರಿನದು, ಹೊಗೆಸೊಪ್ಪು ಮಂಗಳೂರಿನದು,
ಲೇಬಲು, ನೂಲು, ಮಜೂರಿ, ಬೈಗುಳ ಎಲ್ಲ ಅಲ್ಲಿಯದೇ.
ಬ್ರಾಂಚು ಯಾವಾಗ ತೆರೀತದೆ, ಅದನ್ನು ಹೇಳು ಮೈಕಿನಲ್ಲಿ.
ಚೀಟಿಯಲ್ಲಿ ಇಲ್ಲ ಅಕ್ಕ.
ಮತ್ತೆಂತ ಉಂಟು ಅದರಲ್ಲಿ?
ಕೈ ತೊಳೆಯಿರಿ.
ತೊಳೆದಾಯಿತಲ್ಲ, ಎಂದು ಎರಡೂ ಅಂಗೈ ತೋರಿಸಿದಳು.

ಹೆದ್ದಾರಿಗೆ ಬ್ಯಾರಿಕೇಡು, ಒಳದಾರಿಗೆ ಮಣ್ಣು.
ಟಿಪ್ಪರು ರಾತ್ರಿಯೇ ಸುರಿದು ಹೋಗಿತ್ತು.
ರಾಶಿಯ ಈಚೆ ನಮ್ಮ ರಿಕ್ಷಾ,
ಆಚೆಯೂ ಒಂದು ಮೈಕು, ನನ್ನದೇ ಕಂಪೆನಿಯ ಹಾರ್ನು:
ದಯವಿಟ್ಟು ಹಿಂದಿರುಗಿ, ದಯವಿಟ್ಟು ಹಿಂದಿರುಗಿ.
ಸ್ವರ ಕೇಳಿದರೆ ತೊಕ್ಕೊಟ್ಟಿನವ.
ಅವನು ನಮಗೆ, ನಾನು ನಮಗೆ,
ಒಂದೇ ಕನ್ನಡ ಎರಡು ಕಡೆಯಿಂದ ಬಂದು
ನಡುವೆ ತಾಗಿ ಕೀಂ ಎಂದಿತು.
ಫೆಲಿಕ್ಸ್ ವಾಲ್ಯೂಮು ತಗ್ಗಿಸಿದ.
ಆಚೆಯವನೂ ತಗ್ಗಿಸಿದ.

ಕೆಲಸ ಇಲ್ಲದ ಬೆರಳುಗಳೆಲ್ಲ ಫೋನಿನಲ್ಲಿದ್ದವು.
ಮಣ್ಣು ಹಾಕಿದ್ದು ಸರಿ. ತಪ್ಪು.
ಆಸ್ಪತ್ರೆ ನೀವು ಯಾಕೆ ಕಟ್ಟಲಿಲ್ಲ?
ನಮ್ಮ ಮೀನು ಯಾಕೆ ತಿಂದಿರಿ?
ನಿಮ್ಮ ಗಲ್ಫು, ನಿಮ್ಮ ರೋಗ, ನಿಮ್ಮ ಸರಕಾರ.
ಒಂದೇ ಬೆಂಚಿನಲ್ಲಿ ಕಲಿತವರ ಗುಂಪಿನಲ್ಲಿ
ನಾವು ಎಂಬ ಶಬ್ದಕ್ಕೆ ಆ ವಾರ ರಜೆ.
ಮಾಸ್ತರರು ಬರೆದದ್ದು ಒಂದೇ ಸಾಲು:
ರಾಶಿ ಎಷ್ಟು ಎತ್ತರ ಉಂಟು?
ಯಾರೋ ಹೇಳಿದರು, ಎದೆಮಟ್ಟ.
ಅವರು ಗುಂಪು ಬಿಟ್ಟರು.

ಐತಪ್ಪಣ್ಣನಿಗೆ ಸೋಮವಾರ, ಗುರುವಾರ.
ಮಂಗಳೂರಿನಲ್ಲಿ ರಕ್ತ ತೊಳೆದು, ಮಧ್ಯಾಹ್ನ ಗಂಜಿಗೆ ವಾಪಸು,
ಕರೆದೊಯ್ಯುತ್ತಿದ್ದದ್ದು ಇದೇ ರಿಕ್ಷಾ.
ಇಪ್ಪತ್ತಾರು ಮಂದಿಯ ಪಟ್ಟಿಯಲ್ಲಿ ಅವನಿಲ್ಲ.
ಅವನಿಗೆ ಆ ರೋಗ ಇಲ್ಲ.
ಎರಡನೆಯ ಗುರುವಾರ ಅವನ ಗೇಟಿನ ಎದುರು ಬರುವಾಗ
ಚೀಟಿಯಲ್ಲಿ ನಿಗಾ ಎಂದೇ ಇತ್ತು,
ಬಾಯಿ ಹಳೆಯದನ್ನೇ ಹೇಳಿತು:
ಮನೆಯಲ್ಲಿ ನಿರೀಕ್ಷಣೆಯಲ್ಲಿದ್ದಾರೆ.
ಫೆಲಿಕ್ಸ್ ಕನ್ನಡಿಯಲ್ಲಿ ನನ್ನನ್ನು ನೋಡಿದ, ತಿದ್ದಲಿಲ್ಲ.

ಎಂಜಿನಿನ ಸದ್ದಿಗೆ ಐತಪ್ಪಣ್ಣ
ಫೈಲು ಕಂಕುಳಲ್ಲಿಟ್ಟು ಜಗಲಿಯಿಂದ ಏಳುತ್ತಿದ್ದ.
ಬಾತ ಕಾಲು ಚಪ್ಪಲಿಗೆ ಹಿಡಿಯುತ್ತಿರಲಿಲ್ಲ.
ಒಂದನ್ನು ಕೈಯಲ್ಲೇ ಹಿಡಿದುಕೊಂಡು
ಬಂದೆ, ಎಂದ.